ಎಂಟು ಇಟ್ಟಿಗೆಯ ಚಂದ್ರ

“ಈ ಎಂಟು ಬರೆದದ್ದು ಯಾವಾಗ ಅಣ್ಣಾ?”

ಪತ್ತೇದಾರ ನಿಧಾನಿ ಸ್ಲೇಟಿನ ಮೇಲೆ ಬೆರಳಿಟ್ಟು ಕೇಳಿದ. ವೇದಿಕೆಯ ಹಗ್ಗಗಳನ್ನು ನೋಡಿಕೊಳ್ಳುವ ಹಗ್ಗದಣ್ಣ ಕೇಳಿಸಲಿಲ್ಲವೆಂಬಂತೆ ಒಣಬಟ್ಟೆಯಿಂದ ಹಗ್ಗ ಒರೆಸುತ್ತಲೇ ಇದ್ದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

“ಪಕ್ಕದಲ್ಲೇ ಬರ್ದಿದೆಯಲ್ಲ ಸಾರ್.”

“ಹನ್ನೊಂದು ಗಂಟೆ ಅಂತಿದೆ. ನಿನ್ನೆ ಬೆಳಿಗ್ಗೆ.”

“ಹಾಗಾದ್ರೆ ಹನ್ನೊಂದೇ.”

ಹೊರಗೆ ಸುಡುಬಿಸಿಲು. ರಂಗಮಂದಿರದ ಒಳಗೆ ಮಾತ್ರ ಹೊತ್ತು ಎಷ್ಟೆಂದು ಯಾರೂ ಹೇಳುವಂತಿರಲಿಲ್ಲ. ದೀಪದವರು ಏನನ್ನೋ ಪರೀಕ್ಷಿಸಲು ಹಚ್ಚಿ ಆರಿಸಲು ಮರೆತಿದ್ದ ನೀಲಿ ಬೆಳಕು ವೇದಿಕೆಯ ತುಂಬ ಹರಡಿತ್ತು. ಅದರೊಳಗೆ ಧೂಳು ಯಾವ ಆತುರವೂ ಇಲ್ಲದೆ ಏಳುತ್ತ ಬೀಳುತ್ತ ಇತ್ತು. ಮೇಲೆ ಮೂರು ಸಾಲು ಬಟ್ಟೆಯ ಮೋಡಗಳು. ವೇದಿಕೆಯ ಮುಂದಿನ ತಗ್ಗಿನಲ್ಲಿ ವಾದ್ಯದವರಿಗೆಂದು ಹದಿನಾರು ಕುರ್ಚಿಗಳಿದ್ದವು. ಕೂತವರು ಐದು ಜನ, ಉಳಿದ ಹನ್ನೊಂದು ಜನರ ಕೆಲಸವನ್ನು ಒಂದು ಯಂತ್ರ ಮಾಡುತ್ತಿತ್ತು. ಅಕಾರ್ಡಿಯನ್ನಿನವನು, ನಾಯಕಿ ಚಂದ್ರನ ಮೇಲೆ ಕೂತು ಹಾಡುವ ಹಾಡಿನ ಎರಡೇ ಸಾಲು ನುಡಿಸಿ, ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ನಿದ್ದೆಗಣ್ಣಿನಲ್ಲಿ ನುಡಿಸುತ್ತಿದ್ದಾನೋ ಏನೋ ಅನ್ನಿಸುತ್ತಿತ್ತು.

ನಾಯಕಿ ಕಾಣೆಯಾಗಿ ಒಂದು ದಿನ ಕಳೆದಿತ್ತು. ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಅವಳು ಹಿಂಬಾಗಿಲಿನಿಂದ ಒಳಗೆ ಬಂದದ್ದನ್ನು ಕಾವಲಿನವನು ಕಣ್ಣಾರೆ ಕಂಡಿದ್ದ. ಹೊರಗೆ ಹೋದದ್ದನ್ನು ಕಂಡವರಿಲ್ಲ. ಮೇಕಪ್ ಕೋಣೆಯ ಬಾಗಿಲು ಹಾಕಿಕೊಂಡರೆ ತಾಲೀಮಿನ ಹೊತ್ತಿನವರೆಗೆ ಯಾರೂ ತಟ್ಟಕೂಡದೆಂಬುದು ಅವಳ ಕಟ್ಟಪ್ಪಣೆ. ಹಾಗಾಗಿ ಅವಳಿಲ್ಲವೆಂದು ಜಗತ್ತಿಗೆ ಗೊತ್ತಾದದ್ದೇ ಸಂಜೆ ನಾಲ್ಕಕ್ಕೆ.

ಹಗ್ಗದಣ್ಣನ ಸ್ಲೇಟಿಗೆ ಮಾತ್ರ ಹನ್ನೊಂದಕ್ಕೇ ಗೊತ್ತಾಗಿತ್ತು.

“ಪತ್ತೇದಾರ್ರೇ! ಅಲ್ಲೇನ್ ಮಾಡ್ತಿದೀರಿ? ಸ್ಲೇಟ್ ನೋಡ್ತಿದೀರಾ?” ಪ್ರೇಕ್ಷಕರ ಕುರ್ಚಿಗಳ ನಡುವಿನಿಂದ ನಿರ್ಮಾಪಕಿಯ ದನಿ ಬಂತು. “ಬೆಳಿಗ್ಗೆಯಿಂದ ಒಂದು ಸ್ಲೇಟ್ ನೋಡೋಕೆ ನಿಮ್ಮನ್ನ ಕರೆಸಿದ್ನಾ ನಾನು?”

“ಓದ್ತಾ ಇದೀನಿ ಮೇಡಂ. ಅಕ್ಷರ ಸಣ್ಣದು.”

“ಶುಕ್ರವಾರ ಪರದೆ ಏಳ್ಬೇಕು! ಇವತ್ತು ಮಂಗಳವಾರ!”

ಮೇಡಂ ಕೂಗುವುದರಲ್ಲಿ ತಪ್ಪೇನೂ ಇರಲಿಲ್ಲ. ಎದುರು ರಸ್ತೆಯ ರಂಗಮಂದಿರ ಈಗ ಸೋಫಾ ಅಂಗಡಿ. ರಾಜರು ಸತ್ತು, ರಾಣಿಯರು ಅತ್ತ ವೇದಿಕೆಯ ಮೇಲೆ ಈಗ ಗಂಡಹೆಂಡಿರು ಸೋಫಾದ ಮೇಲೆ ಕುಕ್ಕರಿಸಿ ಕೂತು ಮೆತ್ತಗಿದೆಯೇ ಎಂದು ನೋಡುತ್ತಾರೆ. ಇನ್ನೊಂದು ಸಂಗೀತ ನಾಟಕ ನೆಲಕಚ್ಚಿದರೆ ಈ ಕಟ್ಟಡಕ್ಕೂ ಅದೇ ಗತಿ. ನಿರ್ಮಾಪಕಿಯ ಮಾವ ಕಟ್ಟಿಸಿದ್ದು, ಗಂಡ ಉಳಿಸಿದ್ದು. ತನ್ನ ಕೈಯಲ್ಲಿ ಮುಚ್ಚಬಾರದೆಂದು ಆಕೆ ಹಲ್ಲುಕಚ್ಚಿ ನಡೆಸುತ್ತಿದ್ದರು. ಟಿವಿಯಲ್ಲಿ ಮನೆಮಾತಾದ ನಾಯಕಿಯನ್ನು ಕಾಲಿಗೆ ಬಿದ್ದು ಕರೆತಂದದ್ದೂ ಅದಕ್ಕೇ. ನಿನ್ನೆ ಅತ್ತು ಮುಗಿದ ಮೇಲೆ ಅವರೇ ನಿಧಾನಿಗೆ ಹೇಳಿದ್ದರು: “ಜನ ನಾಟಕ ನೋಡೋಕೆ ಬರ್ತಿಲ್ಲ ರೀ. ಟಿವಿಲಿ ನೋಡಿದ ಮುಖಾನ ಹತ್ತಿರದಿಂದ ನೋಡೋಕೆ ಬರ್ತಾರೆ. ಹಾಡು ಬಿಟ್ಟಿ.”

ಆ ಮುಖ ಹೊರಗಿನ ಗೋಡೆಯ ಮೇಲೆ ಇಪ್ಪತ್ತಡಿ ಎತ್ತರಕ್ಕೆ ನಗುತ್ತಿತ್ತು. ಒಳಗೆ ಇರಲಿಲ್ಲ.

ನಿಧಾನಿಗೆ ಆ ಹೆಸರಿಟ್ಟವರು ಪೊಲೀಸ್ ಠಾಣೆಯವರು. ಹೆಂಡತಿ ಇಟ್ಟ ಹೆಸರು ಬೇರೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ ಶೀಘ್ರಲಿಪಿಕಾರನಾಗಿದ್ದವನು. ಕೈ ಮಾತ್ರ ಶೀಘ್ರ, ಉಳಿದದ್ದೆಲ್ಲ ಆಮೆನಡಿಗೆ. ಬೇರೆ ಪತ್ತೇದಾರರು ಓಡಿಹೋಗಿ ಹಿಡಿಯುವುದನ್ನು ಇವನು ಕೂತು ಕಾಯುತ್ತಾನೆ. ಇವತ್ತು ಕಾಯಲು ಮನಸ್ಸಿರಲಿಲ್ಲ, ಕೇಳಲೂ ಮನಸ್ಸಿರಲಿಲ್ಲ. ಹಗ್ಗದಣ್ಣನನ್ನು ಕಂಡರೆ ಅವನಿಗೆ ಎರಡೇ ದಿನದಲ್ಲಿ ಪ್ರೀತಿ ಹುಟ್ಟಿಬಿಟ್ಟಿತ್ತು.

ಎಂಟು ವರ್ಷದವನಿದ್ದಾಗ ನಿಧಾನಿ ಇಂಥದೇ ಒಂದು ವೇದಿಕೆಯ ಮೇಲೆ ಚಂದ್ರ ಇಳಿದುಬಂದದ್ದನ್ನು ನೋಡಿದ್ದ. ಅದು ಹಲಗೆ, ಬಟ್ಟೆ, ಬಲ್ಬು ಎಂದು ಅಪ್ಪ ಎಷ್ಟು ಹೇಳಿದರೂ ನಂಬದೆ, ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತಿದ್ದ. ಅಂಥ ಚಂದ್ರನನ್ನು ಇಳಿಸುವ ಮನುಷ್ಯನ ಮೇಲೆ ಇವತ್ತು ಅವನೇ ಬೆರಳು ತೋರಿಸಬೇಕಾಗಿತ್ತು.

“ಅಣ್ಣಾ, ನನಗೆ ಇನ್ನೊಂದ್ಸಲ ಹೇಳಿಕೊಡಿ. ನಿನ್ನೆ ಹೇಳಿದ್ದು ಅರ್ಧ ತಲೆಗೆ ಹೋಗಿಲ್ಲ.”

ಕೆಲಸದ ಮಾತು ಬಂದದ್ದೇ ಹಗ್ಗದಣ್ಣನ ಮುಖ ಸ್ವಲ್ಪ ಸಡಿಲವಾಯಿತು.

“ಸುಲಭ ಸಾರ್. ತಕ್ಕಡಿ ಇದ್ದ ಹಾಗೆ. ಆ ತುದೀಲಿ ಚಂದ್ರ, ಈ ತುದೀಲಿ ಈ ಕಬ್ಬಿಣದ ಪಂಜರ. ಚಂದ್ರ ಮೇಲೆ ಹೋದ್ರೆ ಪಂಜರ ಕೆಳಗೆ ಬರುತ್ತೆ. ಚಂದ್ರನ ತೂಕಕ್ಕೆ ಸಮವಾಗಿ ಪಂಜರದಲ್ಲಿ ಕಬ್ಬಿಣದ ಇಟ್ಟಿಗೆ. ಆಗ ಎರಡು ಬೆರಳಲ್ಲಿ ಎಳೆದ್ರೂ ಬರುತ್ತೆ.”

“ಮನುಷ್ಯರು ಕೂತ್ರೆ?”

“ಅವರ ತೂಕಕ್ಕೆ ಬೇರೆ ಇಟ್ಟಿಗೆ, ಆ ಮೇಲಿನ ಅಟ್ಟದಿಂದ ಹಾಕೋದು. ಸಾಮಾನಿಗೆ ಕಪ್ಪು ಬಣ್ಣದ್ದು, ಜೀವಕ್ಕೆ ಹಳದಿ. ಒಂದೊಂದು ಆರು ಕಿಲೋ. ನಾಯಕಿಗೆ ಒಂಬತ್ತು.”

“ನಿಮ್ಮ ಮಗಳಿಗೆ ಎಂಟು.”

ಹಗ್ಗದಣ್ಣನ ಕೈ ನಿಂತಿತು.

ಅವನ ಮಗಳು ನಾಯಕಿಯ ಬದಲಿ. ನಾಯಕಿಗೆ ಜ್ವರ ಬಂದರೆ, ಕಾಲು ಉಳುಕಿದರೆ, ದನಿ ಕೂತರೆ ಅವಳ ಜಾಗದಲ್ಲಿ ನಿಲ್ಲಬೇಕಾದವಳು. ಆರು ವರ್ಷದಿಂದ ಒಂದಾದ ಮೇಲೊಂದು ನಾಟಕದ ಅಷ್ಟೂ ಹಾಡು, ಅಷ್ಟೂ ಹೆಜ್ಜೆ ಕಲಿತು ವೇದಿಕೆಯ ಪಕ್ಕದ ಸೈಡ್‌ವಿಂಗಿನ ಕತ್ತಲಲ್ಲಿ ತುಟಿ ಆಡಿಸುತ್ತ ನಿಂತಿದ್ದಳು. ಈ ಆರು ವರ್ಷದಲ್ಲಿ ಯಾವ ನಾಯಕಿಗೂ ಒಂದು ನೆಗಡಿ ಕೂಡ ಬಂದಿರಲಿಲ್ಲ.

“ಇನ್ನು ಮರಳಿನ ವಿಷಯ,” ಎಂದ ನಿಧಾನಿ.

“ಅದೂ ಹೇಳಿದ್ನಲ್ಲ.”

“ಜೀವ ಕೂರೋ ಮೊದಲು ಮರಳು ಕೂರ್ಬೇಕು ಅಂದ್ರಿ. ತಾಲೀಮು ಇದ್ದ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಅವತ್ತು ಯಾರು ಕೂರ್ತಾರೋ ಸರಿಯಾಗಿ ಅಷ್ಟೇ ತೂಕದ ಮರಳಿನ ಮೂಟೆನ ಚಂದ್ರನ ಮೇಲೆ ಕಟ್ಟಿ, ಮೂರು ಸಲ ಮೇಲೆ ಕೆಳಗೆ ಆಡಿಸಿ ನೋಡ್ತೀರಿ. ಆಮೇಲೆ ಸ್ಲೇಟಲ್ಲಿ ಬರೀತೀರಿ. ಸೋಮವಾರ ಸ್ಲೇಟ್ ತೊಳೆದು ಹೊಸದಾಗಿ ಶುರು. ಸರೀನಾ?”

“ಮೂವತ್ತೊಂದು ವರ್ಷದಿಂದ. ಒಂದು ದಿನ ತಪ್ಪಿಲ್ಲ.”

“ನಿನ್ನೆ ಮರಳು ಎಷ್ಟು ಅಣ್ಣಾ?”

ಸ್ಲೇಟಿನ ಮೇಲೆ ನಿನ್ನೆಯ ಸಾಲುಗಳು ಗುಂಡಗುಂಡಗೆ ಇದ್ದವು. ಹನ್ನೊಂದು ಗಂಟೆ, ಮರಳು, ಎಂಟು. ನಾಲ್ಕೂವರೆ, ಮಗಳು, ಎಂಟು. ಆರು ಗಂಟೆ, ಸೊನ್ನೆ.

ತಗ್ಗಿನಲ್ಲಿ ಅಕಾರ್ಡಿಯನ್ ಎರಡನೆಯ ಸಾಲಿಗೆ ಬಂದು ಮತ್ತೆ ನಿಂತಿತು.

“ನಾಲ್ಕು ಗಂಟೆಗೆ ಮೇಡಂ ಕಿರುಚಿದಾಗಲೇ ನನಗೂ ಗೊತ್ತಾಗಿದ್ದು ಅಂತ ಇನ್ಸ್‌ಪೆಕ್ಟರ್ ಮುಂದೆ ಹೇಳಿದ್ರಿ. ನನ್ನ ಮುಂದೆನೂ ಹೇಳಿದ್ರಿ. ಹನ್ನೊಂದಕ್ಕೆ ನೀವು ಮಗಳ ತೂಕಕ್ಕೆ ಮರಳು ಆಡಿಸಿದ್ದೀರಿ. ನಾಯಕಿ ಬರೋದಿಲ್ಲ ಅಂತ ಐದು ಗಂಟೆ ಮೊದಲೇ ನಿಮಗೆ ಗೊತ್ತಿತ್ತು.”

ಹಗ್ಗದಣ್ಣ ಹಗ್ಗದ ಸಾಲಿನ ಮುಂದಿದ್ದ ಕಬ್ಬಿಣದ ಕಂಬಿಗೆ ಒರಗಿದ. ಅವನ ಮೊಣಕಾಲು ಮೊದಲೇ ನೋವಿನದು. ಇವತ್ತು ಬೆಳಿಗ್ಗೆ ಅದಕ್ಕೆ ಮದ್ದು ತರಲು ಹೋಗಿ ಹತ್ತೂವರೆಗೆ ಬಂದವನು, ಬಂದದ್ದೇ ನಿಧಾನಿಯ ಕೈಗೆ ಸಿಕ್ಕಿದ್ದ.

“ಒಂಬತ್ತು ಹಾಕಿಬಿಡಬಹುದಿತ್ತಲ್ಲ ಅಣ್ಣಾ,” ನಿಧಾನಿಯ ದನಿ ತಾನಾಗಿಯೇ ಇಳಿಯಿತು. “ಯಾವಾಗಿನ ಹಾಗೆ ನಾಯಕಿ ತೂಕಕ್ಕೆ ನೋಡಿ, ಒಂಬತ್ತು ಅಂತ ಬರೆದಿದ್ರೆ ಯಾರಿಗೆ ಏನು ಗೊತ್ತಾಗ್ತಿತ್ತು? ಬೇಡ, ಬರೆಯೋದಾದ್ರೂ ಸುಳ್ಳು ಬರೀಬಹುದಿತ್ತು.”

ಹಗ್ಗದಣ್ಣ ಅವನನ್ನು ಪೆದ್ದನನ್ನು ನೋಡಿದಂತೆ ನೋಡಿದ.

“ಕೂರೋಳು ನನ್ನ ಮಗಳು ಸಾರ್. ಒಂಬತ್ತಕ್ಕೆ ನೋಡಿ ಅವಳನ್ನ ನಲವತ್ತಡಿ ಮೇಲೆ ಕಳಿಸಲಾ? ಸ್ಲೇಟಲ್ಲಿ ಸುಳ್ಳು ಬರೆದ್ರೆ ನಾಳೆ ನಾನೇ ಅದನ್ನ ನಂಬ್ತೀನಲ್ಲ. ನನಗೆ ಕಾಲು ನೋವು ಅಂತ ಬೇರೆಯವನು ಬಂದ್ರೆ, ಅವನೂ ನಂಬ್ತಾನೆ.”

ಪೊಲೀಸರ ಮುಂದೆ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ ಮನುಷ್ಯನಿಗೆ ಮೂರು ರೂಪಾಯಿಯ ಬಳಪದ ಮುಂದೆ ಸುಳ್ಳು ಹೇಳಲು ಆಗಿರಲಿಲ್ಲ. ಹೀಗೆ ಸಿಕ್ಕಿಬಿದ್ದವನನ್ನು ನಿಧಾನಿ ಕೋರ್ಟಿನಲ್ಲೂ ಕಂಡಿರಲಿಲ್ಲ.

“ಹನ್ನೆರಡು ಗಂಟೆಗೆ ಇನ್ಸ್‌ಪೆಕ್ಟರ್ ಬರ್ತಾರೆ,” ಎಂದ. “ಅವರಿಗೆ ಇವತ್ತಲ್ಲ ನಾಳೆ ಈ ಸ್ಲೇಟ್ ಅರ್ಥ ಆಗುತ್ತೆ. ಆಮೇಲೆ ನಿಮ್ಮನ್ನ ಕೇಳೋದಿಲ್ಲ, ನಿಮ್ಮ ಮಗಳನ್ನೇ ಕರ್ಕೊಂಡು ಹೋಗ್ತಾರೆ. ನನಗಾದ್ರೂ ನಿಜ ಹೇಳಿ. ನಿಮಗೆ ಹೇಳಿದ್ದು ಯಾರು?”

ಮೇಲಿನ ಮೋಡಗಳು ಎಲ್ಲಿಂದಲೋ ಬಂದ ಗಾಳಿಗೆ ಒಂದಿಷ್ಟು ಉಬ್ಬಿ ಇಳಿದವು.

“ಅವಳೇ ಹೇಳಿದ್ಲು.”

“ಮಗಳಾ?”

“ನಿನ್ನೆ ಬೆಳಿಗ್ಗೆ ಮನೇಲಿ. ಕನ್ನಡಿ ಮುಂದೆ ತಲೆ ಬಾಚ್ಕೊಳ್ತಾ ಇದ್ಲು. ‘ಅಪ್ಪಾ, ಇವತ್ತು ಮರಳು ಎಂಟಕ್ಕೆ ನೋಡು’ ಅಂದ್ಲು. ಅಷ್ಟೇ.”

“ಯಾಕೆ ಅಂತ ಕೇಳಲಿಲ್ವಾ?”

“ಇಲ್ಲ.”

“ಯಾಕೆ ಕೇಳಲಿಲ್ಲ ಅಣ್ಣಾ?”

“ಕೇಳಿದ್ರೆ ಉತ್ತರ ಬರುತ್ತಲ್ಲ ಸಾರ್.” ಹಗ್ಗದಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. “ಆರು ವರ್ಷ ಆಯ್ತು, ಅವಳ ಮುಖದಲ್ಲಿ ಅಂಥ ನಗು ನೋಡಿ. ಅವಳಮ್ಮ ಹೋದ ಮೇಲೆ ಮನೇಲಿ ಬಾಯಿಬಿಟ್ಟು ಹಾಡಿದ್ದೇ ಇಲ್ಲ. ಇಲ್ಲಿ ಬರೀ ತುಟಿ, ಅಲ್ಲಿ ಬರೀ ಮೌನ. ನಿನ್ನೆ ಬಸ್ಸಲ್ಲಿ ಗುನುಗ್ತಾ ಬಂದ್ಲು. ನಾನು ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತೆ.”

“ಆಮೇಲೆ ಚಂದ್ರನ ಮೇಲೆ ಹಾಡಿದ್ಲು.”

“ಹಾಡಿದ್ಲು.” ಅವನ ಕಣ್ಣು ತುಂಬಿತು. “ಆ ಯಂತ್ರದವನೂ ಕೈ ತೆಗೆದುಬಿಟ್ಟ, ಐದು ಜನಾನೇ ನುಡಿಸಿದ್ರು. ಅಷ್ಟೊಂದು ಗಲಾಟೆ, ಪೊಲೀಸು, ಅಳು, ಎಲ್ಲದರ ಮಧ್ಯೆ ಒಂದು ಹತ್ತು ನಿಮಿಷ ಇಡೀ ಮಂದಿರ ಉಸಿರಾಡಲಿಲ್ಲ. ಮೇಡಂ ಕೂಡ. ನಾನು ಹಗ್ಗ ಹಿಡಿದು ನಿಂತಿದ್ದೆ. ಪಾಪ ಬರೋದಾದ್ರೆ ನನಗೆ ಬರಲಿ ಅನ್ಕೊಂಡೆ.”

ಹುಡುಗಿ ತಪ್ಪು ಮಾಡಿರಬಾರದೆಂದು ನಿಧಾನಿಯ ಮನಸ್ಸು ಹಟ ಹಿಡಿಯುತ್ತಿತ್ತು, ಮಾಡಿದ್ದಾಳೆಂದು ಸ್ಲೇಟು ಹೇಳುತ್ತಿತ್ತು.

“ಈಗ ಎಲ್ಲಿದಾಳೆ?”

“ಬೆಳಿಗ್ಗೆ ನನಗಿಂತ ಮೊದಲೇ ಬಂದ್ಲು, ಎಂಟಕ್ಕೇ. ಹನ್ನೊಂದಕ್ಕೆ ದರ್ಜಿ ಹತ್ರ ಹೋಗ್ತೀನಿ ಅಂದಿದ್ಲು. ನಾಯಕಿ ಬೆಳ್ಳಿ ಲಂಗ ಇವಳಿಗೆ ಸಡಿಲ, ಹಿಡಿಸ್ಬೇಕು ಅಂತ.”

ನಿಧಾನಿ ತಲೆಯಾಡಿಸಿದ. ಮಾತು ಮುಗಿದಿತ್ತು. ಇನ್ನೊಬ್ಬ ಪತ್ತೇದಾರನಾಗಿದ್ದರೆ ದರ್ಜಿಯ ಅಂಗಡಿಗೆ ಓಡುತ್ತಿದ್ದ. ಇವನು ತನ್ನ ಅಭ್ಯಾಸದಂತೆ ಸ್ಲೇಟಿನ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದ: ಆರು ಗಂಟೆ, ಸೊನ್ನೆ. ಆಮೇಲೆ ನಿಧಾನವಾಗಿ ಬಗ್ಗಿ ಚಂದ್ರನ ಪಂಜರದೊಳಗೆ ಇಣುಕಿದ.

“ಸೊನ್ನೆ ಅಂದ್ರೆ ಹಳದಿ ಒಂದೂ ಇಲ್ಲ ಅಂತ ಅಲ್ವಾ?”

“ಹೌದು. ಮಗಳು ಇಳಿಯೋ ಮೊದಲು ಎಂಟನ್ನೂ ಅಟ್ಟಕ್ಕೆ ತೆಗೆದಿಟ್ಟೆ. ಆಮೇಲೆ ಖಾಲಿ ಚಂದ್ರನ್ನ ಮೇಲೆ ಕಳಿಸಿ, ಹಗ್ಗ ಸರಿಯದ ಹಾಗೆ ಬೀಗ ಹಾಕಿದೆ. ಯಾಕೆ?”

“ಎಣಿಸಿ ನೋಡಿ.”

ಹಗ್ಗದಣ್ಣ ಕುಂಟುತ್ತ ಬಂದ. ಪಂಜರದಲ್ಲಿ ಕಪ್ಪು ಇಟ್ಟಿಗೆಗಳ ಮೇಲೆ ಹಳದಿ ಇಟ್ಟಿಗೆಗಳು ಒಂದರ ಮೇಲೊಂದು ಅಂಚು ಕೂಡಿಸಿ ಕೂತಿದ್ದವು. ಅವನು ಬೆರಳಿಟ್ಟು ಎಣಿಸಿದ. ಎಂಟು. ಮತ್ತೆ ಕೆಳಗಿನಿಂದ ಎಣಿಸಿದ. ಎಂಟೇ.

“ನಾನು ಹಾಕಿಲ್ಲ,” ಎಂದ. “ಸತ್ಯವಾಗ್ಲೂ ನಾನು ಹಾಕಿಲ್ಲ ಸಾರ್. ಇವತ್ತು ನಾನು ಅಟ್ಟ ಹತ್ತೇ ಇಲ್ಲ.”

“ಖಾಲಿ ಚಂದ್ರ ಮೇಲಿದ್ದು, ಇಷ್ಟು ಇಟ್ಟಿಗೆ ಪಂಜರದಲ್ಲಿದ್ರೆ ಏನಾಗುತ್ತೆ?”

“ಏನಾಗುತ್ತೆ? ಪಂಜರ ಭಾರ. ನೆಲ ಬಿಟ್ಟು ಏಳೋದಿಲ್ಲ. ನಾಲ್ಕು ಜನ ಹಗ್ಗಕ್ಕೆ ನೇತುಬೀಳ್ಬೇಕು.”

“ಎಳೆದು ನೋಡಿ.”

ಹಗ್ಗದಣ್ಣ ಹಗ್ಗದ ಬೀಗ ತೆಗೆದ. ಎರಡೂ ಕೈಯಲ್ಲಿ ಹಿಡಿದು, ನೋವಿನ ಕಾಲನ್ನು ಹಿಂದಿಟ್ಟು, ಹಲ್ಲು ಕಚ್ಚಿ ಎಳೆಯಲು ಸಿದ್ಧನಾದ. ಎಳೆದ. ಮುಗ್ಗರಿಸಿ ಬೀಳುವುದರಲ್ಲಿದ್ದ.

ಪಂಜರ ಹೂವಿನಷ್ಟು ಹಗುರವಾಗಿ ಒಂದು ಮೊಳ ಮೇಲೆದ್ದು, ಗಾಳಿಯಲ್ಲಿ ಹಾಗೆಯೇ ನಿಂತಿತು.

ತಕ್ಕಡಿಯ ಎರಡು ತಟ್ಟೆಯೂ ಸಮವಾಗಿತ್ತು. ನೀಲಿ ಬೆಳಕಿನಾಚೆ, ಮೂರು ಸಾಲು ಮೋಡಗಳಾಚೆ, ನಲವತ್ತಡಿ ಎತ್ತರದ ಕತ್ತಲಲ್ಲಿ ಚಂದ್ರನ ಮೇಲೆ ಎಂಟು ಇಟ್ಟಿಗೆಯಷ್ಟು ತೂಕ ಕೂತಿತ್ತು.

“ಮರಳಿನ ಮೂಟೆ ಇರ್ಬೇಕು,” ಹಗ್ಗದಣ್ಣ ಪಿಸುಗುಟ್ಟಿದ. “ಯಾರೋ ಮರಳು ಕಟ್ಟಿ ಹಾಗೇ ಬಿಟ್ಟಿದಾರೆ.”

ನಿಧಾನಿ ಮೂಲೆಗೆ ಕಣ್ಣು ಹಾಯಿಸಿದ. ಮರಳಿನ ಮೂಟೆಗಳೆಲ್ಲ ಗೋಡೆಗೆ ಒರಗಿ ಸಾಲಾಗಿ ಇದ್ದವು. ಹಗ್ಗದಣ್ಣನೂ ಅದನ್ನು ನೋಡಿದ. ಅವನ ಮುಖದಲ್ಲಿ ಹನಿ ರಕ್ತವೂ ಉಳಿಯಲಿಲ್ಲ.

“ಎಂಟು,” ಎಂದ. “ಎಂಟು ಅಂದ್ರೆ ನನ್ನ ಮಗಳು ಸಾರ್. ನಾಯಕಿ ಒಂಬತ್ತು. ಈ ಮಂದಿರದಲ್ಲಿ ಎಂಟು ಇರೋದು ನನ್ನ ಮಗಳೊಬ್ಬಳೇ.” ತಲೆಯೆತ್ತಿ ಕೂಗಿದ. “ಪುಟ್ಟೀ! ಪುಟ್ಟೀ, ಮೇಲಿದೀಯಾ? ಮಾತಾಡೇ!”

ಮೋಡಗಳು ಅಲುಗಲಿಲ್ಲ. ತಗ್ಗಿನಲ್ಲಿ ಅಕಾರ್ಡಿಯನ್ ನಿಂತುಹೋಯಿತು.

“ಮೆಲ್ಲಗೆ ಮಾತಾಡು ಅಪ್ಪಾ.”

ದನಿ ಬಂದದ್ದು ಹಿಂದಿನಿಂದ. ಸೈಡ್‌ವಿಂಗಿನ ಕಪ್ಪು ಪರದೆಯ ಪಕ್ಕ ಮಗಳು ಬರಿಗಾಲಿನಲ್ಲಿ ನಿಂತಿದ್ದಳು. ತೋಳಿನ ಮೇಲೆ ಬೆಳ್ಳಿ ಬಣ್ಣದ ಲಂಗ ಮಡಿಸಿ ಹಾಕಿಕೊಂಡಿದ್ದಳು, ಅಂಚಿನಲ್ಲಿ ದರ್ಜಿಯ ಗುಂಡುಸೂಜಿಗಳು ಇನ್ನೂ ಹಾಗೆಯೇ ಇದ್ದವು. ಅವಳ ಮುಖ ಶಾಂತವಾಗಿತ್ತು, ಮನೆಯಲ್ಲಿ ಮಗು ಮಲಗಿಸಿ ಬಂದವರ ಹಾಗೆ.

ಹಗ್ಗದಣ್ಣ ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಂಡ. ಹೋದ ಜೀವ ಬಂದಂತಾಗಿ ನಕ್ಕೂಬಿಟ್ಟ. ನಿಧಾನಿಗೂ ಸಮಾಧಾನವಾಯಿತು, ಆದರೆ ಒಂದೇ ಉಸಿರಿನಷ್ಟು ಹೊತ್ತು. ಮಗಳು ಇಲ್ಲಿದ್ದಳು. ಮರಳು ಇಲ್ಲಿತ್ತು. ಪಂಜರ ಇನ್ನೂ ಗಾಳಿಯಲ್ಲೇ ನಿಂತಿತ್ತು.

“ಮೇಲಿರೋದು ಯಾರಮ್ಮಾ?” ಎಂದು ಕೇಳಿದ.

ಅವಳು ಅವನ ಕಡೆ ನೋಡಲೂ ಇಲ್ಲ.

“ಅವರಿಗೆ ಈಗ ತಾನೇ ನಿದ್ದೆ ಹತ್ತಿದೆ ಅಪ್ಪಾ. ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಇಳಿಸಬೇಡ.”

ಯಾರು, ಯಾಕೆ, ಏನು ಮಾಡಿದೆ ಎಂದು ಅಪ್ಪ ಕೇಳುವನೆಂದು ನಿಧಾನಿ ಕಾದ. ನಿನ್ನೆ ಕೇಳದಿದ್ದುದನ್ನು ಇವತ್ತಾದರೂ ಕೇಳಲೇಬೇಕಿತ್ತು. ಹಗ್ಗದಣ್ಣನ ಬಾಯಿಂದ ಬಂದದ್ದು ಬೇರೆಯೇ ಮಾತು.

“ಸೊಂಟದ ಪಟ್ಟಿ ಬಿಗಿದಿದೀಯಾ?”

“ಸೊಂಟದ್ದು, ಹೆಗಲಿಂದು, ಎರಡೂ. ನೀನು ಕಲಿಸ್ಕೊಟ್ಟ ಹಾಗೇ.”

ಅವನು ತಲೆದೂಗಿದ. ಪಾಠ ಒಪ್ಪಿಸಿದ ಮಗಳನ್ನು ಮೆಚ್ಚಿದ ಅಪ್ಪನ ತಲೆದೂಗು ಅದು. ಏನೇ ಆಗಿರಲಿ, ಈ ಮನುಷ್ಯ ಇನ್ನು ತನ್ನ ಕಡೆಗಿಲ್ಲವೆಂದು ನಿಧಾನಿಗೆ ತಿಳಿದುಹೋಯಿತು.

ಆಗ ಮೇಲಿನಿಂದ ಸಣ್ಣದೊಂದು ಸದ್ದು ಬಂತು. ಪಟ್ಟಿಯ ಲೋಹದ ಕೊಂಡಿ ಬಿಚ್ಚಿಕೊಂಡ ಸದ್ದು.

ಮಗಳ ಮುಖದ ಶಾಂತಿ ಮಾಯವಾಯಿತು. “ಬೇಡ!” ಎಂದು ಮೇಲೆ ನೋಡಿ ಕೂಗಿದಳು. “ಬೇಡ, ನಾನು ಯಾರಿಗೂ ಹೇಳಿಲ್ಲ!”

ಎರಡನೆಯ ಕೊಂಡಿಯೂ ಬಿಚ್ಚಿತು.

ಹಗ್ಗ ಹಗ್ಗದಣ್ಣನ ಅಂಗೈಯನ್ನು ಸುಡುತ್ತ ಮೇಲಕ್ಕೆ ಸರಿಯಿತು, ಪಂಜರ ಧಡಾರನೆ ನೆಲಕ್ಕೆ ಕೂತಿತು. ಎಂಟೂ ಇಟ್ಟಿಗೆ ಒಮ್ಮೆಲೇ ಅದುರಿದವು. ಚಂದ್ರ ಖಾಲಿಯಾಗಿತ್ತು.

ಮಗಳು ಲಂಗದಿಂದ ಮುಖ ಮುಚ್ಚಿಕೊಂಡಳು. ಅಪ್ಪ ಮಗಳನ್ನು ಎಳೆದು ಎದೆಗೆ ಒತ್ತಿಕೊಂಡ. ನಿಧಾನಿ, ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ, ವೇದಿಕೆಯ ನಡುವಿಗೆ ಓಡಿದ. ಮೋಡಗಳ ಕೆಳಗೆ ನಿಂತು ತಲೆಯೆತ್ತಿ ಕಾದ. ಮೇಲಿನ ಅಟ್ಟದ ಹಲಗೆ ಯಾರದೋ ಹೆಜ್ಜೆಗೆ ಒಮ್ಮೆ ಕಿರ್ರೆಂದಿತು.

ಯಾರೂ ಬೀಳಲಿಲ್ಲ.